ಸತ್ತಂತೆ ಮಲಗಿದ ಮೂರು ಬೋರ್ಡು, ಎಬ್ಬಿಸಲು ಐದು ದಾರಿ

ಹೋದ ತಿಂಗಳು ನನ್ನ ಮೇಜಿನ ಮೇಲೆ ಮೂರು ಫ್ಲೈಟ್ ಕಂಟ್ರೋಲರ್‌ಗಳು, ಅಂದರೆ ಡ್ರೋನಿನ ಮಿದುಳಾದ ಬೋರ್ಡುಗಳು, ಸಾಲಾಗಿ ಮಲಗಿದ್ದವು. ಮೂರಕ್ಕೂ ಒಂದೇ ಕಾಯಿಲೆ. ಲ್ಯಾಪ್‌ಟಾಪಿಗೆ ಚುಚ್ಚಿ ಫರ್ಮ್‌ವೇರ್ (ಬೋರ್ಡಿನೊಳಗೆ ಓಡುವ ತಂತ್ರಾಂಶ, ಇಲ್ಲಿ ಬೀಟಾಫ್ಲೈಟ್) ಹಾಕಲು ಹೋದರೆ ಹತ್ತುವುದಿಲ್ಲ, ಎರಡಂತೂ ಕನೆಕ್ಟೇ ಆಗುವುದಿಲ್ಲ. ಲೈಟು ಮಾತ್ರ ಉರಿಯುತ್ತದೆ. ಲೈಟು ಉರಿಯುವ ಬೋರ್ಡನ್ನು ಕಸಕ್ಕೆ ಹಾಕಲು ಮನಸ್ಸು ಬರಲ್ಲ, ಅಲ್ವಾ?

ಒಂದನೇ ಬೋರ್ಡು ನನ್ನ ಐದಿಂಚಿನ ಡ್ರೋನಿನದು, ಎಸ್‌ಟಿಎಂ32 ಸರಣಿಯ ಎಫ್405 ಚಿಪ್. ಎರಡು ವರ್ಷ ಚೆನ್ನಾಗಿ ಹಾರಿದೆ. ಹೊಸ ಫರ್ಮ್‌ವೇರ್ ಹಾಕೋಣ ಅಂತ ಹೋದಾಗ ಬೂಟ್‌ಲೋಡರ್‌ಗೆ, ಅಂದರೆ ಫರ್ಮ್‌ವೇರ್ ಹಾಕಿಸಿಕೊಳ್ಳುವ ಸ್ಥಿತಿಗೆ, ಹೋಗಲು ಒಪ್ಪಲಿಲ್ಲ. ಎರಡನೆಯದು ಎಫ್722, ಗೆಳೆಯನ ಮಗನದು. ಪುಣ್ಯಾತ್ಮ ಬೇರೆ ಯಾವುದೋ ಬೋರ್ಡಿನ ಟಾರ್ಗೆಟ್ (ಆ ಬೋರ್ಡಿಗೆಂದೇ ಮಾಡಿದ ಫರ್ಮ್‌ವೇರ್) ಆರಿಸಿ ಫ್ಲ್ಯಾಶ್ ಮಾಡಿಬಿಟ್ಟಿದ್ದ, ಅಂದರೆ ಚಿಪ್ಪಿಗೆ ಬರೆದುಬಿಟ್ಟಿದ್ದ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಕನೆಕ್ಟ್ ಆಗಲು ಬೇಕಾದ ಕಾಮ್ ಪೋರ್ಟೇ ಮಾಯ. ಮೂರನೆಯದು ಮೈಕ್ರೋ ಯುಎಸ್‌ಬಿ ಇದ್ದ ಹಳೇ ಎಫ್405. ತೆಂಗಿನ ಮರಕ್ಕೆ ಹೊಡೆದು ಬಿದ್ದ ಮೇಲೆ ಅದರ ಪೋರ್ಟು ಅಲ್ಲಾಡುತ್ತಿತ್ತು.

ಮೂರರ ನಡುವೆ ಒಟ್ಟು ಐದು ದಾರಿಗಳನ್ನು ಪ್ರಯತ್ನಿಸಿದೆ. ವಿಂಡೋಸ್‌ನಲ್ಲಿ ಡ್ರೈವರ್ ಫಿಕ್ಸರ್, ಅಲ್ಲೇ ಝಾಡಿಗ್ (ಎರಡೂ ಡ್ರೈವರ್ ಹಾಕುವ ಸಾಫ್ಟ್‌ವೇರ್), ಎಸ್‌ಟಿಎಂ32 ಕ್ಯೂಬ್ ಪ್ರೋಗ್ರಾಮರ್, ಹಳೇ ಲಿನಕ್ಸ್ ಲ್ಯಾಪ್‌ಟಾಪ್, ಕೊನೆಗೆ ನೇರವಾಗಿ ತಂತಿ ಬೆಸೆಯುವುದು.

ಅದಕ್ಕೂ ಮೊದಲು ಕೇಬಲ್ಲು. ನನ್ನ ಡ್ರಾಯರ್‌ನಲ್ಲಿದ್ದ ಏಳು ಕೇಬಲ್‌ಗಳಲ್ಲಿ ಮೂರು ಬರೀ ಚಾರ್ಜಿಂಗ್‌ನವು. ಒಳಗೆ ಡೇಟಾ ತಂತಿಗಳೇ ಇಲ್ಲ. ಅದರಲ್ಲಿ ಚುಚ್ಚಿದರೂ ಬೋರ್ಡಿನ ಲೈಟು ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಗೊತ್ತೇ ಆಗುವುದಿಲ್ಲ. ಟೈಪ್-ಸಿ ಪೋರ್ಟ್ ಇರುವ ಬೋರ್ಡಿಗೆ ಇನ್ನೊಂದು ತಕರಾರು ಇದೆ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದರೆ ಕೆಲವು ಬೋರ್ಡುಗಳಿಗೆ ಕರೆಂಟೇ ಬರುವುದಿಲ್ಲ. ಪೋರ್ಟಿನ ಬಳಿ ಇರಬೇಕಾದ 5.1 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳನ್ನು ಬೋರ್ಡ್ ಮಾಡಿದವರು ಉಳಿಸಿಕೊಂಡಿರುತ್ತಾರೆ. ಒಂದು ಕಡೆ ಹಳೇ ಅಗಲದ ಯುಎಸ್‌ಬಿ ಇರುವ ಕೇಬಲ್ ಹಾಕಿ, ಸರಿಹೋಗುತ್ತದೆ. ಮೊಬೈಲಿನ ಫೋಟೋ ಕಾಪಿ ಆಗುವ ಕೇಬಲ್ ಒಂದನ್ನು ಗುರುತು ಹಾಕಿ ಇಟ್ಟುಕೊಂಡಿದ್ದೇನೆ, ಯಾರಿಗೂ ಕೊಡಲ್ಲ.

ಇನ್ನೊಂದು ಧೈರ್ಯದ ಮಾತು. ಎಸ್‌ಟಿಎಂ32 ಚಿಪ್‌ನೊಳಗೆ ಕಾರ್ಖಾನೆಯಲ್ಲೇ ಬರೆದಿಟ್ಟ ಒಂದು ಬೂಟ್‌ಲೋಡರ್ ಇದೆ. ಅದನ್ನು ಅಳಿಸಲು ನಮ್ಮ ಕೈಯಲ್ಲಿ ಆಗುವುದಿಲ್ಲ. ಬೂಟ್ ಬಟನ್ ಒತ್ತಿ ಹಿಡಿದು ಯುಎಸ್‌ಬಿ ಚುಚ್ಚಿದರೆ ಚಿಪ್ ನಮ್ಮ ಫರ್ಮ್‌ವೇರ್ ಬಿಟ್ಟು ಅದನ್ನು ಓಡಿಸುತ್ತದೆ. ಇದನ್ನೇ ಡಿಎಫ್‌ಯು ಮೋಡ್ ಅನ್ನುವುದು. ಹಾಗಾಗಿ ತಪ್ಪು ಫರ್ಮ್‌ವೇರ್ ಹಾಕಿದ್ದಕ್ಕೆ ಬೋರ್ಡ್ ಸತ್ತುಹೋಯಿತು ಎಂದು ಅಳಬೇಕಾಗಿಲ್ಲ. ಗೆಳೆಯನ ಮಗ ಹೆಚ್ಚುಕಡಿಮೆ ಅತ್ತೇ ಬಿಟ್ಟಿದ್ದ. "ಅಂಕಲ್, ಮೂರು ತಿಂಗಳ ಪಾಕೆಟ್ ಮನಿ ಇದು" ಅಂದ.

ಅವನ ಬೋರ್ಡಿನಿಂದಲೇ ಶುರು ಮಾಡಿದೆ. ಬೂಟ್ ಬಟನ್ ಒತ್ತಿ ಚುಚ್ಚಿದಾಗ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ 'ಎಸ್‌ಟಿಎಂ32 ಬೂಟ್‌ಲೋಡರ್' ಎಂದು ಬಂತು, ಪಕ್ಕದಲ್ಲಿ ಹಳದಿ ತ್ರಿಕೋನ. ಅಂದರೆ ಬೋರ್ಡ್ ಬದುಕಿದೆ, ಡ್ರೈವರ್ ಇಲ್ಲ ಅಷ್ಟೆ. ಫರ್ಮ್‌ವೇರ್ ಹಾಕಿ ಸೆಟ್ಟಿಂಗ್ ಮಾಡುವ ಬೀಟಾಫ್ಲೈಟ್‌ನ ಕಾನ್ಫಿಗರೇಟರ್ ಆಪ್ ಆಗಲಿ, ಕ್ರೋಮ್‌ನಲ್ಲಿ ಓಡುವ ವೆಬ್ ಆವೃತ್ತಿಯಾಗಲಿ, ವಿಂಡೋಸ್‌ನಲ್ಲಿ ಡಿಎಫ್‌ಯು ಬೋರ್ಡಿನ ಜೊತೆ ಮಾತಾಡಲು ವಿನ್‌ಯುಎಸ್‌ಬಿ ಡ್ರೈವರ್ ಬೇಕೇ ಬೇಕು.

ಇಂಪಲ್ಸ್‌ಆರ್‌ಸಿಯ ಡ್ರೈವರ್ ಫಿಕ್ಸರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬೋರ್ಡ್ ಚುಚ್ಚಿ ಓಡಿಸಿದರೆ ಕಪ್ಪು ಕಿಟಕಿಯಲ್ಲಿ ನಾಲ್ಕು ಸಾಲು ಬರುತ್ತದೆ, ಮುಗಿಯಿತು. ಏನನ್ನೂ ಆರಿಸಬೇಕಾಗಿಲ್ಲ, ಆದ್ದರಿಂದ ತಪ್ಪು ಆರಿಸುವ ಭಯವೂ ಇಲ್ಲ. ಝಾಡಿಗ್ ಹಾಗಲ್ಲ. ಆಪ್ಷನ್ಸ್‌ಗೆ ಹೋಗಿ ಎಲ್ಲ ಡಿವೈಸ್ ತೋರಿಸು ಅಂತ ಟಿಕ್ ಹಾಕಬೇಕು, ಪಟ್ಟಿಯಲ್ಲಿ ನಮ್ಮ ಬೂಟ್‌ಲೋಡರ್ ಹುಡುಕಬೇಕು, ವಿನ್‌ಯುಎಸ್‌ಬಿ ಆರಿಸಿ ರಿಪ್ಲೇಸ್ ಒತ್ತಬೇಕು. ಆ ಪಟ್ಟಿಯಲ್ಲಿ ನಿಮ್ಮ ಮೌಸು, ಕೀಬೋರ್ಡು, ವೆಬ್‌ಕ್ಯಾಮ್ ಕೂಡ ಇರುತ್ತವೆ. ಝಾಡಿಗ್ ತಡೆಯಲು ಬರುವುದಿಲ್ಲ, ಹೇಳಿದ್ದನ್ನು ಮಾಡುತ್ತದೆ.

ನಾನು ಮೌಸ್ ಕೊಲ್ಲಲಿಲ್ಲ, ಅದಕ್ಕಿಂತ ಜಾಣತನದ ತಪ್ಪು ಮಾಡಿದೆ. ಬೋರ್ಡ್ ಡಿಎಫ್‌ಯುನಲ್ಲಿ ಇಲ್ಲದಾಗ ಝಾಡಿಗ್ ತೆರೆದಿದ್ದೆ. ಪಟ್ಟಿಯಲ್ಲಿ 'ಎಸ್‌ಟಿಎಂ32 ವರ್ಚುವಲ್ ಕಾಮ್ ಪೋರ್ಟ್' ಕಂಡಿತು. ಎಸ್‌ಟಿಎಂ32 ಅಂತ ಇದೆಯಲ್ಲ, ಇದೇ ಇರಬೇಕು ಅಂದುಕೊಂಡು ಒತ್ತಿಬಿಟ್ಟೆ. ಕಾಮ್ ಪೋರ್ಟಿಗೆ ಬೇಕಾಗಿದ್ದು ಸೀರಿಯಲ್ ಡ್ರೈವರ್, ನಾನು ಹಾಕಿದ್ದು ವಿನ್‌ಯುಎಸ್‌ಬಿ. ಆಮೇಲೆ ಫರ್ಮ್‌ವೇರ್ ಚೆನ್ನಾಗಿ ಹತ್ತುತ್ತದೆ, ಆದರೆ ಕನೆಕ್ಟ್ ಒತ್ತಲು ಪೋರ್ಟೇ ಇರುವುದಿಲ್ಲ! ಒಂದು ಗಂಟೆ ತಲೆ ಕೆರೆದುಕೊಂಡೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವರ್ ಸಮೇತ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಚುಚ್ಚಿದ ಮೇಲೆ ಕಾಮ್ ಪೋರ್ಟ್ ಮರಳಿತು. ಫ್ಲ್ಯಾಶ್ ಆಗುತ್ತದೆ ಆದರೆ ಕನೆಕ್ಟ್ ಆಗಲ್ಲ ಅನ್ನುವವರು ಮೊದಲು ಇದನ್ನು ನೋಡಿ.

ಎರಡರಲ್ಲಿ ಯಾವುದು ಅಂದರೆ, ಮೊದಲ ಸಲ ಮಾಡುವವರಿಗೆ ನಾನು ಝಾಡಿಗ್ ಕೊಡುವುದಿಲ್ಲ. ಹುಡುಗನ ಬೋರ್ಡು ಡ್ರೈವರ್ ಫಿಕ್ಸರ್ ಓಡಿಸಿದ ಮೇಲೆ ಸರಿಯಾದ ಟಾರ್ಗೆಟ್ ಆರಿಸಿ, ಪೂರ್ತಿ ಚಿಪ್ ಅಳಿಸುವ ಆಯ್ಕೆಗೆ ಟಿಕ್ ಹಾಕಿ ಫ್ಲ್ಯಾಶ್ ಮಾಡಿದಾಗ ಒಂದು ನಿಮಿಷದೊಳಗೆ ಎದ್ದಿತು. ಅವನ ಹಳೇ ಸೆಟ್ಟಿಂಗ್‌ಗಳು ಹೋದವು. ಮೊದಲೇ ಸಿಎಲ್‌ಐನಲ್ಲಿ (ಆದೇಶ ಟೈಪ್ ಮಾಡುವ ಪುಟ) 'ಡಿಫ್ ಆಲ್' ಕೊಟ್ಟು ಬಂದದ್ದನ್ನು ಕಾಪಿ ಮಾಡಿ ಇಟ್ಟುಕೊಂಡಿದ್ದರೆ ಐದು ನಿಮಿಷದ ಕೆಲಸ. ಇಟ್ಟುಕೊಂಡಿರಲಿಲ್ಲ. ಯಾರೂ ಇಟ್ಟುಕೊಂಡಿರುವುದಿಲ್ಲ, ಬಿಡಿ.

ಕ್ಯೂಬ್ ಪ್ರೋಗ್ರಾಮರ್ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಚಿಪ್ ಮಾಡುವ ಎಸ್‌ಟಿ ಕಂಪನಿಯದೇ ಸಾಫ್ಟ್‌ವೇರ್. ಡೌನ್‌ಲೋಡ್ ದೊಡ್ಡದು, ಇಮೇಲ್ ಕೇಳುತ್ತದೆ, ಪರದೆ ತುಂಬ ಬಟನ್‌ಗಳು. ಆದರೆ ಅದು ಹೇಳುವಷ್ಟು ವಿಷಯ ಬೇರೆ ಯಾವುದೂ ಹೇಳುವುದಿಲ್ಲ. ಯಾವ ಚಿಪ್, ಎಷ್ಟು ಫ್ಲ್ಯಾಶ್, ಒಳಗೆ ಏನು ಬರೆದಿದೆ, ಓದದಂತೆ ಬೀಗ ಹಾಕಿದೆಯೇ, ಎಲ್ಲ ಕಾಣುತ್ತದೆ. ಆಪ್ಷನ್ ಬೈಟ್ಸ್ ಎಂಬ ಪುಟದಲ್ಲಿ ಆ ಬೀಗಕ್ಕೆ ಮೂರು ಹಂತ ಇವೆ. 'ಎಎ' ಅಂದರೆ ಬೀಗ ಇಲ್ಲ. 'ಬಿಬಿ' ಅಂದರೆ ಇದೆ, ತೆಗೆದರೆ ಚಿಪ್ ಪೂರ್ತಿ ಅಳಿಸಿಹೋಗುತ್ತದೆ, ನಮಗೆ ಅದರಿಂದ ನಷ್ಟವೇನಿಲ್ಲ. ಮೂರನೆಯದಾದ 'ಸಿಸಿ'ಯನ್ನು ಕುತೂಹಲಕ್ಕೂ ಆರಿಸಬೇಡಿ. ಅದನ್ನು ಹಾಕಿದರೆ ಮತ್ತೆ ತೆಗೆಯಲು ದಾರಿಯೇ ಇಲ್ಲ. ಬೋರ್ಡನ್ನು ನಿಜವಾಗಿ ಕೊಲ್ಲುವ ಒಂದೇ ಬಟನ್ ಅದು.

ಈಗ ನನ್ನ ಬೋರ್ಡು. ಬೂಟ್ ಒತ್ತಿ ಚುಚ್ಚಿದರೆ ವಿಂಡೋಸ್‌ನಲ್ಲಿ ಏನೂ ಇಲ್ಲ. ಸದ್ದೂ ಇಲ್ಲ, ಹಳದಿ ತ್ರಿಕೋನವೂ ಇಲ್ಲ. ಬಟನ್ ಒತ್ತದೆ ಚುಚ್ಚಿದರೆ ಮಾಮೂಲಿಯಾಗಿ ಕನೆಕ್ಟ್ ಆಗುತ್ತದೆ. ಸಿಎಲ್‌ಐನಿಂದ ಬೂಟ್‌ಲೋಡರ್‌ಗೆ ಕಳಿಸಿದರೆ ಮತ್ತೆ ಮಾಯ. ಡ್ರೈವರ್ ಫಿಕ್ಸರ್ ಓಡಿಸಿದೆ, ಝಾಡಿಗ್ ಓಡಿಸಿದೆ, ಯುಎಸ್‌ಬಿ ಪೋರ್ಟ್ ಬದಲಿಸಿದೆ, ಕೊನೆಗೆ ಹೆಂಡತಿಯ ಆಫೀಸ್ ಲ್ಯಾಪ್‌ಟಾಪಿಗೂ ಕೈ ಹಾಕಿ ಬೈಸಿಕೊಂಡೆ. ಎರಡು ಸಂಜೆ ಹೋಯಿತು.

ಆಗ ಅಟ್ಟದಿಂದ ಇಳಿದದ್ದು ಹಳೇ ಲಿನಕ್ಸ್ ಲ್ಯಾಪ್‌ಟಾಪು. ಇಲ್ಲಿ ಡಿಎಫ್‌ಯುಗೆ ಬೇರೆ ಡ್ರೈವರ್ ಹಾಕುವ ಕೆಲಸವೇ ಇಲ್ಲ. ಯುಎಸ್‌ಬಿ ಪಟ್ಟಿ ತೋರಿಸುವ ಆದೇಶ ಕೊಟ್ಟರೆ ಬೋರ್ಡ್ ಯಾವ ಸ್ಥಿತಿಯಲ್ಲಿದೆ ಎಂದು ನಂಬರಿನಲ್ಲೇ ಗೊತ್ತಾಗುತ್ತದೆ. 0483:5740 ಬಂದರೆ ಬೀಟಾಫ್ಲೈಟ್ ಓಡುತ್ತಿದೆ, ಕಾಮ್ ಪೋರ್ಟ್ ಇದೆ. 0483:ಡಿಎಫ್11 ಬಂದರೆ ಡಿಎಫ್‌ಯುನಲ್ಲಿದೆ. 0483 ಬದಲು 2ಇ3ಸಿ ಬಂದರೆ ಅದು ಎಸ್‌ಟಿ ಚಿಪ್ಪೇ ಅಲ್ಲ, ಆರ್ಟೆರಿ ಎಂಬ ಬೇರೆ ಕಂಪನಿಯ ಎಟಿ32. ಅದಕ್ಕೆ ಎಸ್‌ಟಿಎಂ32 ಫರ್ಮ್‌ವೇರ್ ಆಗುವುದಿಲ್ಲ, ಕ್ಯೂಬ್ ಪ್ರೋಗ್ರಾಮರ್ ಕೂಡ ಆಗುವುದಿಲ್ಲ. ಬೀಟಾಫ್ಲೈಟ್ 4.5ರಿಂದ ಎಟಿ32ಎಫ್435ಕ್ಕೆ ಬೇರೆ ಟಾರ್ಗೆಟ್ ಇದೆ. ಏನೂ ಬರದಿದ್ದರೆ ತಪ್ಪು ಕೇಬಲ್ಲಿನದು ಇಲ್ಲವೇ ಬೋರ್ಡಿನದು, ಡ್ರೈವರಿನದಂತೂ ಅಲ್ಲ.

ನನಗೆ ಏನೂ ಬರಲಿಲ್ಲ. ಅಲ್ಲಿಗೆ ಎರಡು ಸಂಜೆ ಡ್ರೈವರ್ ಹಿಂದೆ ಸುಮ್ನೆ ಓಡಿದ್ದು ಖಾತ್ರಿಯಾಯಿತು.

ಬೋರ್ಡನ್ನು ಕೈಯಲ್ಲಿ ಹಿಡಿದು ನೋಡುತ್ತಾ ಕೂತೆ. ಬೂಟ್ ಒತ್ತಿ ಚುಚ್ಚಿದ ತಕ್ಷಣ ಬೋರ್ಡಿನ ಒಂದು ಲೈಟು ಸ್ಥಿರವಾಗಿ ಉರಿಯಿತು, ಸರಿ. ಪಕ್ಕದಲ್ಲಿ ರಿಮೋಟಿನ ಸಿಗ್ನಲ್ ಹಿಡಿಯುವ ಇಎಲ್‌ಆರ್‌ಎಸ್ ರಿಸೀವರ್ ಮಿಣಿಮಿಣಿ ಅನ್ನುತ್ತಿತ್ತು. ಅದಕ್ಕೂ ಯುಎಸ್‌ಬಿಯಿಂದಲೇ ಐದು ವೋಲ್ಟ್ ಹೋಗುತ್ತದಲ್ಲ. ಆಗ ಹೊಳೆಯಿತು. ಎಫ್405ರ ಬೂಟ್‌ಲೋಡರ್ ಬರೀ ಯುಎಸ್‌ಬಿಗೆ ಕಾಯುವುದಿಲ್ಲ. ಒಂದನೇ ಮತ್ತು ಮೂರನೇ ಸೀರಿಯಲ್ ಪೋರ್ಟಿಗೂ ಕಿವಿ ಕೊಟ್ಟಿರುತ್ತದೆ. ಯಾರು ಮೊದಲು ಮಾತಾಡಿದರೋ ಅವರ ಕಡೆ ತಿರುಗಿ ಉಳಿದ ಬಾಗಿಲು ಮುಚ್ಚುತ್ತದೆ. ನನ್ನ ರಿಸೀವರ್ ಇದ್ದದ್ದು ಯುಎಆರ್‌ಟಿ 1ರಲ್ಲಿ, ಅಂದರೆ ಆ ಒಂದನೇ ಸೀರಿಯಲ್ ಪೋರ್ಟಿನಲ್ಲಿ. ಕರೆಂಟ್ ಬಂದ ಕೂಡಲೇ ಅದು ವಟಗುಟ್ಟಲು ಶುರು ಮಾಡುತ್ತದೆ, ಬೂಟ್‌ಲೋಡರ್ ಅದನ್ನು ಕೇಳುತ್ತಾ ಕೂರುತ್ತದೆ, ಲ್ಯಾಪ್‌ಟಾಪ್ ಬಾಗಿಲಲ್ಲೇ ನಿಂತಿರುತ್ತದೆ.

ರಿಸೀವರಿನಿಂದ ಬೋರ್ಡಿನ ಆರ್‌ಎಕ್ಸ್ (ಡೇಟಾ ಒಳಬರುವ) ಪ್ಯಾಡಿಗೆ ಬರುವ ಒಂದೇ ಒಂದು ಹಳದಿ ತಂತಿ ಕಿತ್ತೆ. ಬೂಟ್ ಒತ್ತಿ ಚುಚ್ಚಿದೆ. 0483:ಡಿಎಫ್11. ಎರಡು ಸಂಜೆಯ ಕಾಟಕ್ಕೆ ಒಂದು ತಂತಿ! ಸೀರಿಯಲ್ ಪೋರ್ಟಿನಲ್ಲಿ ಕೂತಿರುವ ಜಿಪಿಎಸ್ ಕೂಡ ಇದೇ ಆಟ ಆಡಬಹುದು.

ಫರ್ಮ್‌ವೇರನ್ನು ಲಿನಕ್ಸ್‌ನಲ್ಲೇ ಡಿಎಫ್‌ಯು-ಯುಟಿಲ್‌ನಿಂದ ಹಾಕಿದೆ. ವೇಗ ಚೆನ್ನಾಗಿದೆ, ಆದರೆ ಅದಕ್ಕೆ ಹೆಕ್ಸ್ ಫೈಲ್ ನೇರವಾಗಿ ಆಗುವುದಿಲ್ಲ. ಮೊದಲು ಬಿನ್ ಫೈಲ್ ಮಾಡಿಕೊಂಡು, 08000000 ಎಂಬ ಹೆಕ್ಸ್ ವಿಳಾಸಕ್ಕೆ ಬರೆ ಎಂದು ಹೇಳಬೇಕು. ಟೈಪ್ ಮಾಡಲು ಬೇಜಾರಾದರೆ ಅದೇ ಲ್ಯಾಪ್‌ಟಾಪಿನಲ್ಲಿ ಕ್ರೋಮ್ ತೆರೆದು ಬೀಟಾಫ್ಲೈಟ್‌ನ ವೆಬ್ ಆವೃತ್ತಿ ಬಳಸಿ. ಲಿನಕ್ಸ್‌ನಲ್ಲೂ ಕಿರಿಕಿರಿ ಇಲ್ಲದಿಲ್ಲ. ನಮ್ಮ ಯೂಸರ್ ಡಯಲ್‌ಔಟ್ ಗುಂಪಿನಲ್ಲಿ ಇಲ್ಲದಿದ್ದರೆ ಪೋರ್ಟ್ ತೆರೆಯುವುದಿಲ್ಲ, ಡಿವೈಸ್ ಬಳಸಲು ಅನುಮತಿ ಕೊಡುವ ಯುಡೆವ್ ನಿಯಮ ಬರೆಯದಿದ್ದರೆ ಡಿಎಫ್‌ಯು ಮುಟ್ಟಲು ಬಿಡುವುದಿಲ್ಲ. ಹಳೇ ಉಬುಂಟುಗಳಲ್ಲಿ ಮೋಡೆಮ್ ಮ್ಯಾನೇಜರ್ ಎಂಬುದೊಂದು ನಮ್ಮ ಬೋರ್ಡನ್ನು ಡಾಂಗಲ್ ಅಂದುಕೊಂಡು ಪೋರ್ಟ್ ಹಿಡಿದುಕೊಂಡುಬಿಡುತ್ತದೆ. ಡಾಂಗಲ್ ಬಳಸುವವರು ಈಗ ಯಾರಿದ್ದಾರೆ? ಕಿತ್ತುಹಾಕಿದೆ.

ಮೂರನೇ ಬೋರ್ಡಿಗೆ ಯುಎಸ್‌ಬಿಯೇ ಇಲ್ಲದ ಮೇಲೆ ತಂತಿಯೇ ಗತಿ. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ತಂದಿದ್ದ, ಚಿಪ್ಪಿಗೆ ನೇರವಾಗಿ ಬರೆಯುವ ಎಸ್‌ಟಿ-ಲಿಂಕ್ ಸಾಧನದ ನಕಲು ಒಂದಿತ್ತು, ಯುಎಸ್‌ಬಿಯನ್ನು ಸೀರಿಯಲ್‌ಗೆ ಬದಲಿಸುವ ಒಂದು ಸಿಪಿ2102 ಅಡಾಪ್ಟರ್ ಕೂಡ ಇತ್ತು. ಅಡಾಪ್ಟರಿಗೆ ಬೇಕಾದದ್ದು ಯುಎಆರ್‌ಟಿ 1ರ ಟಿಎಕ್ಸ್ (ಡೇಟಾ ಹೊರಹೋಗುವ ಪ್ಯಾಡ್), ಆರ್‌ಎಕ್ಸ್, ಗ್ರೌಂಡ್, ಆಮೇಲೆ ಬೋರ್ಡಿಗೆ ಕರೆಂಟು. ಟಿಎಕ್ಸ್ ಆರ್‌ಎಕ್ಸ್‌ಗೆ, ಆರ್‌ಎಕ್ಸ್ ಟಿಎಕ್ಸ್‌ಗೆ ಅಡ್ಡ ಹಾಕಬೇಕು. ನನ್ನ ರಿಸೀವರ್ ಮಾಡಿದ ಕಿತಾಪತಿಯನ್ನೇ ಇಲ್ಲಿ ನಾವು ಬೇಕಂತಲೇ ಮಾಡುತ್ತಿದ್ದೇವೆ, ನೋಡಿ. ಸೀರಿಯಲ್ ಸೆಟ್ಟಿಂಗ್‌ನಲ್ಲಿ ಪ್ಯಾರಿಟಿ 'ಈವನ್' ಇರಬೇಕು, ಇಲ್ಲದಿದ್ದರೆ ಬೂಟ್‌ಲೋಡರ್ ಉತ್ತರವೇ ಕೊಡಲ್ಲ. ಹತ್ತುವುದು ನಿಧಾನ, ಟೀ ಕುಡಿದು ಬರಬಹುದು.

ಎಸ್‌ಟಿ-ಲಿಂಕ್ ಇದಕ್ಕಿಂತ ಬಲಶಾಲಿ. ಬೂಟ್‌ಲೋಡರಿನ ಹಂಗೇ ಇಲ್ಲದೆ ಸೀದಾ ಚಿಪ್ಪಿನೊಳಗೆ ಕೈ ಹಾಕುತ್ತದೆ. ಬೂಟ್ ಬಟನ್ ಕಿತ್ತುಹೋಗಿದ್ದರೂ ನಡೆಯುತ್ತದೆ. ಕಷ್ಟ ಇರುವುದು ಬೆಸುಗೆಯಲ್ಲಿ. ಡಿಐಒ, ಸಿಎಲ್‌ಕೆ ಎಂಬ ಪ್ಯಾಡ್‌ಗಳು ಸಾಸಿವೆ ಕಾಳಿನಷ್ಟು. ನನ್ನ ಬೋರ್ಡಿನಲ್ಲಿ ಒಂದರ ಮೇಲೆ ಕಪಾಸಿಟರ್ ಒರಗಿತ್ತು. ಕನ್ನಡಕ ಹಣೆಗೇರಿಸಿ, ಉಸಿರು ಬಿಗಿ ಹಿಡಿದು ಎರಡು ಕೂದಲೆಳೆಯಂಥ ತಂತಿ ಕೂರಿಸಲು ನಲವತ್ತು ನಿಮಿಷ ಬೇಕಾಯಿತು. ಬೋರ್ಡಿಗೆ ಬೇರೆ ಕಡೆಯಿಂದ ಕರೆಂಟ್ ಕೊಟ್ಟಿದ್ದರೆ ಎಸ್‌ಟಿ-ಲಿಂಕಿನ 3.3 ವೋಲ್ಟ್ ತಂತಿ ಹಾಕಬೇಡಿ.

ಎರಡೂ ದಾರಿಯಲ್ಲಿ ಫರ್ಮ್‌ವೇರ್ ಹತ್ತಿತು. ಗೆದ್ದೆ ಅಂದುಕೊಂಡು ಕೂತ ಮೇಲೆ ನೆನಪಾಯಿತು, ಇನ್ನು ಸೆಟ್ಟಿಂಗ್ ಮಾಡಲು ಕನೆಕ್ಟ್ ಆಗಬೇಕಾದದ್ದು ಆ ಮುರಿದ ಯುಎಸ್‌ಬಿಯಿಂದಲೇ! ಮಾರನೇ ದಿನ ಬೀದಿ ಕೊನೆಯ ಮೊಬೈಲ್ ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ಭೂತಗನ್ನಡಿಯಲ್ಲಿ ನೋಡಿ, "ಪೋರ್ಟ್ ಹೋಗಿದೆ ಅಷ್ಟೆ ಸರ್, ಮುಕ್ಕಾಲು ಗಂಟೆ ಬಿಟ್ಟು ಬನ್ನಿ" ಅಂದ. 150 ರೂಪಾಯಿ ತಗೊಂಡ. ಮೊದಲೇ ಹೋಗಿದ್ದರೆ ಎಸ್‌ಟಿ-ಲಿಂಕ್ ಡಬ್ಬಿಯಲ್ಲೇ ಇರುತ್ತಿತ್ತು. ಈಗ ನನ್ನ ಲೆಕ್ಕದಲ್ಲಿ ಅದು ಐದನೇ ದಾರಿಯಲ್ಲ, ಆರನೆಯದು. ಅದಕ್ಕಿಂತ ಮುಂಚೆ ಆ ಹುಡುಗನ ಅಂಗಡಿ.

ವಿಂಡೋಸ್ ಮಾತ್ರ ಇರುವವರಿಗೆ ಡ್ರೈವರ್ ಫಿಕ್ಸರ್ ಸಾಕು. ಎರಡು ಮೂರು ಬೋರ್ಡ್ ಇಟ್ಟುಕೊಂಡು ಆಡುವವರು ಒಂದು ಲಿನಕ್ಸ್ ಪೆನ್‌ಡ್ರೈವ್ ಮಾಡಿಟ್ಟುಕೊಳ್ಳಿ. ಫ್ಲ್ಯಾಶ್ ಮಾಡಲು ಅಲ್ಲ, ಆ ನಂಬರ್ ನೋಡಲು.

ನನ್ನ ಐದಿಂಚಿನ ಬೋರ್ಡಿಗೆ ಮೊನ್ನೆ ಮತ್ತೆ ಸೋಲ್ಡರಿಂಗ್ ಐರನ್ ಹಿಡಿದೆ. ಆ ಹಳದಿ ತಂತಿಯನ್ನು ಯುಎಆರ್‌ಟಿ 1ಕ್ಕೆ ವಾಪಸ್ ಹಾಕಲಿಲ್ಲ, ಬೂಟ್‌ಲೋಡರ್ ಕಿವಿ ಕೊಡದ ಯುಎಆರ್‌ಟಿ 6ಕ್ಕೆ ಕೂರಿಸಿ, ಪೋರ್ಟ್ಸ್ ಪುಟದಲ್ಲಿ ಸೀರಿಯಲ್ ಆರ್‌ಎಕ್ಸ್ ಅಲ್ಲಿಗೆ ಬದಲಿಸಿದೆ. ಈಗ ಬೂಟ್ ಒತ್ತಿ ಚುಚ್ಚಿದರೆ ರಿಸೀವರ್ ತನ್ನ ಪಾಡಿಗೆ ಮಿಣಿಮಿಣಿ ಅನ್ನುತ್ತಿರುತ್ತದೆ, ಡಿಎಫ್‌ಯು ಕೂಡ ಬರುತ್ತದೆ.