ಕಲ್ಯಾಣ ಕರ್ನಾಟಕದ ಗೋಡೆ ನಕ್ಷೆ: ಗೆರೆಗಳು ಸರಿಯಿವೆ, ವಿವರಣೆ ಸಾಲದು

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳನ್ನಷ್ಟೇ ತೋರಿಸುವ, ಪೂರ್ತಿ ಕನ್ನಡದಲ್ಲಿ ಅಚ್ಚಾದ ದೊಡ್ಡ ಗೋಡೆ ನಕ್ಷೆಯೊಂದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ಮಾರುವ ಅಂಗಡಿಯಲ್ಲಿ ನನಗೆ ಸಿಕ್ಕಿತು. ಜೊತೆಗೊಂದು ಕೈಪಿಡಿಯೂ ಇದೆ. ಭೂಗೋಳದ ಮಟ್ಟಿಗೆ ಇಷ್ಟು ಅಚ್ಚುಕಟ್ಟಾದ ಕೆಲಸ ಈ ಭಾಗಕ್ಕೆ ಸಿಕ್ಕಿದ್ದು ಸಂತೋಷದ ಸಂಗತಿ. ಆದರೆ ಸಮುದಾಯ ಮತ್ತು ರಾಜಕಾರಣದ ವಿಷಯಕ್ಕೆ ಬಂದಾಗ ನಕ್ಷೆ ಗೆರೆ ಎಳೆದು ಸುಮ್ಮನಾಗುತ್ತದೆ. ಆ ಗೆರೆಯಿಂದ ಯಾರಿಗೆ ಏನು ದಕ್ಕಿತು, ಯಾರಿಗೆ ಏನು ತಪ್ಪಿತು ಎಂಬುದನ್ನು ಕೈಪಿಡಿಯೂ ಹೇಳುವುದಿಲ್ಲ.

ಕೃಷ್ಣಾ, ಭೀಮಾ, ತುಂಗಭದ್ರಾ ನದಿಗಳನ್ನು ಉಪನದಿಗಳ ಸಮೇತ ಗುರುತಿಸಿರುವುದಲ್ಲದೆ, ಬೀದರಿನ ಮಾಂಜ್ರಾ ಮತ್ತು ಕಾರಂಜಾ ಗೋದಾವರಿ ಕೊಳ್ಳಕ್ಕೆ ಸೇರಿದವು ಎಂಬುದನ್ನು ಪ್ರತ್ಯೇಕ ಜಲವಿಭಾಜಕ ರೇಖೆಯ ಮೂಲಕ ತೋರಿಸಿದ್ದಾರೆ. ಬೀದರಿನ ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿ, ಕಲಬುರಗಿಯ ತೊಗರಿ ಬೆಳೆಯುವ ಎರೆಭೂಮಿ, ಹಟ್ಟಿಯ ಚಿನ್ನದ ಗಣಿ, ಸಂಡೂರಿನ ಕಬ್ಬಿಣದ ಅದಿರಿನ ಬೆಟ್ಟಸಾಲು ಎಲ್ಲವೂ ಬಣ್ಣದಲ್ಲೇ ತಿಳಿಯುತ್ತವೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬ್ ಪ್ರದೇಶವನ್ನು ನೋಡಿದರೆ, ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಅದಕ್ಕಾಗಿ ಮತ್ತೆ ಮತ್ತೆ ಏಕೆ ಕಾದಾಡಿದರೆಂಬುದು ಬೇರೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ನನ್ನ ಮೊದಲ ತಕರಾರು ಇರುವುದೂ ಅಲ್ಲಿಯೇ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಮುನಿರಾಬಾದಿನಿಂದ ರಾಯಚೂರಿನವರೆಗೂ ಒಂದೇ ದಪ್ಪದ ನೀಲಿ ಗೆರೆಯಾಗಿ ಎಳೆದಿದ್ದಾರೆ. ಮೇಲ್ಭಾಗದ ಗಂಗಾವತಿಯ ಸುತ್ತ ಭತ್ತದ ಗದ್ದೆಗಳು ತುಂಬಿ ನಿಂತಿರುವಾಗ ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರು ನೀರಿಗಾಗಿ ರಸ್ತೆಗಿಳಿಯಬೇಕಾಗುತ್ತದೆ. ಆ ಭಾಗದ ಚುನಾವಣೆಗಳಲ್ಲಿ ಈ ನೀರಿನ ಮಾತು ಬಾರದೆ ಇರುವುದಿಲ್ಲ. ನೀರಾವರಿ ಪ್ರದೇಶ ಎಂದು ಇಡೀ ಪಟ್ಟಿಗೆ ಒಂದೇ ಹಸಿರು ಬಳಿದದ್ದು ಅವರ ಕಷ್ಟವನ್ನು ಮರೆಮಾಚಿದಂತಾಗಿದೆ.

ಸಮುದಾಯಗಳಿಗಾಗಿ ಮೂಲೆಯಲ್ಲಿ ಕೊಟ್ಟಿರುವ ಕಿರುನಕ್ಷೆ ಇಡೀ ಪ್ರಕಟಣೆಯಲ್ಲೇ ದುರ್ಬಲವಾದದ್ದು. ತಾಲ್ಲೂಕಿಗೊಂದು ಜಾತಿಯ ಬಣ್ಣ ಬಳಿದರೆ ಲಿಂಗಾಯತರು, ಮುಸ್ಲಿಮರು, ಮಾದಿಗರು, ಹೊಲೆಯರು, ಕುರುಬರು, ಕಬ್ಬಲಿಗರು, ನಾಯಕರು ಒಂದೇ ಊರಿನ ಬೇರೆ ಬೇರೆ ಓಣಿಗಳಲ್ಲಿ ಬದುಕುವ ಈ ಸೀಮೆಯ ಚಿತ್ರ ಸಿಗುವುದಿಲ್ಲ. ಲೋಕಸಭೆಗೆ ಕಲಬುರಗಿ ಪರಿಶಿಷ್ಟ ಜಾತಿಗೆ, ರಾಯಚೂರು ಮತ್ತು ಬಳ್ಳಾರಿ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ ಎಂದು ಕೈಪಿಡಿ ತಿಳಿಸುತ್ತದೆ. ಕಬ್ಬಲಿಗರೂ ಗೊಂಡ ಕುರುಬರೂ ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ಬಹುಕಾಲದಿಂದ ಒತ್ತಾಯಿಸುತ್ತಿರುವುದರ ಬಗ್ಗೆ ಒಂದು ಸಾಲೂ ಇಲ್ಲ. ಮಳಖೇಡದ ಪಕ್ಕದಲ್ಲಿ ರಾಷ್ಟ್ರಕೂಟರ ರಾಜಧಾನಿಯ ಚಿಹ್ನೆಯಿದೆ, ಸರಿ. ಆದರೆ 2023ರ ಜನವರಿಯಲ್ಲಿ ಅದೇ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಕಾರ್ಯಕ್ರಮ ನಡೆದಿದ್ದರೂ ಲಂಬಾಣಿ ತಾಂಡಾಗಳ ಗುರುತು ನಕ್ಷೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಗುಳೆ ಹೋಗುವವರ ದಾರಿಗಳಂತೂ ಇಲ್ಲವೇ ಇಲ್ಲ.

ರಾಜಕೀಯ ಇತಿಹಾಸವನ್ನು ಹೇಳುವಾಗ ಏಳೂ ಜಿಲ್ಲೆಗಳಿಗೆ "ಹಿಂದಿನ ನಿಜಾಮ್ ಸೀಮೆ" ಎಂಬ ಒಂದೇ ಹಣೆಪಟ್ಟಿ ಹಚ್ಚಿರುವುದು ಗಂಭೀರವಾದ ಲೋಪ. 1948ರ ಸೆಪ್ಟೆಂಬರ್ 17ರ ವಿಮೋಚನೆ ಬೀದರ್, ಕಲಬುರಗಿ, ರಾಯಚೂರು ಭಾಗಗಳ ನೆನಪು. ಬಳ್ಳಾರಿಯನ್ನು ನಿಜಾಮರು 1800ರಲ್ಲೇ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು. ಅದು ಮದ್ರಾಸ್ ಪ್ರಾಂತ್ಯದಲ್ಲಿದ್ದು, 1953ರಲ್ಲಿ ಮೈಸೂರಿಗೆ ಸೇರಿತು, ಉಳಿದ ಭಾಗ ಸೇರಿದ್ದು 1956ರಲ್ಲಿ. ಹೀಗೆ ಬೇರೆ ಬೇರೆ ದಾರಿಯಲ್ಲಿ ಬಂದ ಪ್ರದೇಶಗಳನ್ನು ಒಂದೇ ಸೌಲಭ್ಯದಡಿ ತಂದದ್ದು ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ 371 ಜೆ ವಿಧಿ. ಅದರ ಬಲದಿಂದ ಈ ಭಾಗದ ವಿದ್ಯಾರ್ಥಿಗೆ ವೃತ್ತಿ ಶಿಕ್ಷಣದ ಸೀಟಿನಲ್ಲಿ, ಉದ್ಯೋಗಾಕಾಂಕ್ಷಿಗೆ ಸರ್ಕಾರಿ ಹುದ್ದೆಯಲ್ಲಿ ಪಾಲು ಸಿಗುತ್ತದೆ.

ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದ ಕಾರಣ ಈ ತಾಲ್ಲೂಕು ಆ ಸೌಲಭ್ಯದಿಂದ ಹೊರಗುಳಿದಿತ್ತು. ಅಲ್ಲಿನ ಜನ ಹೋರಾಡಿ ಮತ್ತೆ ಬಳ್ಳಾರಿಗೆ ಸೇರಿದರು, 2021ರಲ್ಲಿ ಹೊಸದಾಗಿ ರಚನೆಯಾದ ವಿಜಯನಗರ ಜಿಲ್ಲೆಯೊಳಕ್ಕೆ ಬಂದರು. ನಕ್ಷೆ ಈ ತಾಲ್ಲೂಕಿನ ಗಡಿಯನ್ನು ತಪ್ಪಿಲ್ಲದೆ ಗುರುತಿಸಿದೆ. ಒಂದು ಗಡಿಗೆರೆ ಇಡೀ ತಾಲ್ಲೂಕಿನ ಮಕ್ಕಳ ಓದು, ನೌಕರಿಗಳನ್ನು ನಿರ್ಧರಿಸಿದ ಈ ಪ್ರಸಂಗಕ್ಕೆ ಕೈಪಿಡಿಯಲ್ಲಿ ಅರ್ಧ ಪುಟವಾದರೂ ಸಲ್ಲಬೇಕಿತ್ತು.

ಕಾಗದ ಗಟ್ಟಿಯಾಗಿದೆ, ಅಕ್ಷರ ದೂರದಿಂದಲೂ ಓದಲು ಬರುತ್ತದೆ. ಮಡಿಕೆ ಮಾತ್ರ ಸರಿಯಾಗಿ ಭೀಮಾ, ಕೃಷ್ಣೆಯನ್ನು ಕೂಡುವ ಜಾಗದ ಮೇಲೆ ಬಿದ್ದು ಅಲ್ಲಿಯ ಬಣ್ಣ ಏಳತೊಡಗಿದೆ. ಸುರುಳಿ ಸುತ್ತಿದ ಪ್ರತಿ ಸಿಕ್ಕರೆ ಅದನ್ನೇ ಕೊಳ್ಳಿ. ಪ್ರೌಢಶಾಲೆಗಳ ಗೋಡೆಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಪರೀಕ್ಷೆಗೆ ಓದುವವರು ನಕ್ಷೆಯನ್ನು ಇಟ್ಟುಕೊಂಡು, ಕೈಪಿಡಿಯ ಇತಿಹಾಸದ ಭಾಗವನ್ನು ಬೇರೆ ಪುಸ್ತಕದೊಂದಿಗೆ ತಾಳೆ ನೋಡಿಯೇ ಓದಬೇಕು.