ಚೀಲದ ತೂಕದಲ್ಲಿ ಎರಡು ತೆಳು ಲ್ಯಾಪ್‌ಟಾಪ್‌ಗಳು

ಕನ್ನಡ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ವಾರದಲ್ಲಿ ನಾಲ್ಕು ದಿನ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವುದರಿಂದ ಲ್ಯಾಪ್‌ಟಾಪಿನ ಒಂದೊಂದು ಗ್ರಾಂ ಕೂಡ ಹೆಗಲಿಗೆ ಗೊತ್ತಾಗುತ್ತದೆ. ಮೂರು ವರ್ಷಗಳಿಂದ ನನ್ನ ಬಳಿ ಇರುವುದು 2020ರಲ್ಲಿ ಬಂದ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್. ಅಕ್ಕನ ಮಗಳಿಗೆ ಕಾಲೇಜಿನ ಒಂದು ಕೆಲಸಕ್ಕೆ ಮ್ಯಾಕ್ ಬೇಕಾದಾಗ ಎರಡು ತಿಂಗಳ ಮಟ್ಟಿಗೆ ಅದಲುಬದಲು ಮಾಡಿಕೊಂಡೆವು. ಹಾಗಾಗಿ ಅವಳ ಎಲ್‌ಜಿ ಗ್ರಾಂ 14, ಅಂದರೆ 2021ರ ಮಾದರಿಯ ವಿಂಡೋಸ್ ಲ್ಯಾಪ್‌ಟಾಪ್, ನನ್ನ ಚೀಲ ಸೇರಿತು.

ಏರ್‌ನ ತೂಕ 1.29 ಕೆಜಿ, ಗ್ರಾಂನದು 999 ಗ್ರಾಂ. ಲೋಹದ ಮಿಶ್ರಣದ ಮೈಯಾದರೂ ಗ್ರಾಂ ಅನ್ನು ಮೊದಲ ಸಲ ಎತ್ತಿದಾಗ ಒಳಗೆ ಬ್ಯಾಟರಿ ಇದೆಯೋ ಇಲ್ಲವೋ ಎಂಬ ಅನುಮಾನ ಬರುವಷ್ಟು ಅದು ಹಗುರ. ನಿಂತುಕೊಂಡೇ ಪ್ರಯಾಣಿಸಬೇಕಾದ ದಿನಗಳಲ್ಲಿ ಆ ಸುಮಾರು 300 ಗ್ರಾಂಗಳ ವ್ಯತ್ಯಾಸ ನಿಜಕ್ಕೂ ದೊಡ್ಡದು. ಅದಕ್ಕಿಂತ ಮುಖ್ಯವಾದದ್ದು ಜೊತೆಗೆ ಹೊರಬೇಕಾದ ಸರಂಜಾಮು. ಏರ್‌ಗೆ ಇರುವುದು ಎಡಬದಿಯ ಎರಡು ಯುಎಸ್‌ಬಿ-ಸಿ ಕಿಂಡಿಗಳು ಮಾತ್ರ; ಮುದ್ರಣಾಲಯದಲ್ಲಿ ಇಂದಿಗೂ ಪೆನ್ ಡ್ರೈವ್ ಕೈಯಿಂದ ಕೈಗೆ ಹೋಗುವುದರಿಂದ ಬೇರೆ ಬಗೆಯ ಕಿಂಡಿಗಳನ್ನು ಒದಗಿಸುವ ಒಂದು ಹಬ್ ಸದಾ ಚೀಲದಲ್ಲಿರಬೇಕು, ಪ್ರೊಜೆಕ್ಟರ್‌ಗೂ ಅದೇ ಗತಿ. ಗ್ರಾಂನಲ್ಲಿ ಹಳೆಯ ಯುಎಸ್‌ಬಿ ಕಿಂಡಿ ಮತ್ತು ಎಚ್‌ಡಿಎಂಐ ಎರಡೂ ಇರುವುದರಿಂದ ಆ ಎರಡು ತಿಂಗಳು ಹಬ್ಬನ್ನು ಮನೆಯಲ್ಲೇ ಬಿಟ್ಟಿದ್ದೆ.

ಬ್ಯಾಟರಿಯ ವಿಷಯದಲ್ಲಿ ಅಂಕಿಗಳನ್ನಷ್ಟೇ ನೋಡಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಗ್ರಾಂನಲ್ಲಿ 72 ವ್ಯಾಟ್-ಅವರ್ ಬ್ಯಾಟರಿ ಇದೆ, ಏರ್‌ನಲ್ಲಿರುವುದು ಸುಮಾರು 50. ಆದರೂ ಎಂ1 ಚಿಪ್ ಅತಿ ಕಡಿಮೆ ವಿದ್ಯುತ್ತಿನಲ್ಲಿ ನಡೆಯುವುದರಿಂದ, ಕರಡು ತಿದ್ದುವುದು, ನಿಘಂಟು ನೋಡುವುದು, ಪತ್ರಕ್ಕೆ ಉತ್ತರಿಸುವುದು ಇಷ್ಟೇ ಇರುವ ನನ್ನ ದಿನದಲ್ಲಿ ಏರ್ ಬೆಳಗಿನ ರೈಲಿನಿಂದ ಸಂಜೆಯ ರೈಲಿನವರೆಗೆ ಚಾರ್ಜರ್ ಕೇಳುವುದಿಲ್ಲ. ಗ್ರಾಂ ಅಲ್ಲಿಗೆ ತೀರಾ ಹತ್ತಿರ ಬರುತ್ತದೆ, ಆದರೆ ಸಂಜೆಯ ಹೊತ್ತಿಗೆ ಕಣ್ಣು ಬ್ಯಾಟರಿಯ ಗುರುತಿನ ಕಡೆಗೇ ಹೋಗುತ್ತಿತ್ತು. ಎರಡೂ ಯುಎಸ್‌ಬಿ-ಸಿ ಮೂಲಕವೇ ಚಾರ್ಜ್ ಆಗುವುದರಿಂದ ಒಳ್ಳೆಯ ಪವರ್ ಬ್ಯಾಂಕ್ ಇದ್ದರೆ ಈ ಚಿಂತೆ ಇಲ್ಲ, ಆದರೆ ಆಗ ಉಳಿಸಿದ ತೂಕ ಮತ್ತೆ ಚೀಲಕ್ಕೆ ಮರಳುತ್ತದೆ.

ನಾನು ಅತ್ಯಂತ ಎಚ್ಚರದಿಂದ ಹೋಲಿಸಿದ್ದು ಪರದೆಯನ್ನು. ಕನ್ನಡದ ಕರಡಿನಲ್ಲಿ ತಪ್ಪುಗಳು ಅಡಗುವುದು ಅಕ್ಷರದ ಕೆಳಭಾಗದಲ್ಲಿ: ದಕಾರ ಧಕಾರಗಳನ್ನು ಬೇರೆ ಮಾಡುವ ಒಂದು ಸಣ್ಣ ಗೆರೆ, ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತು ಬಂದಾಗ ಉಂಟಾಗುವ ಇಕ್ಕಟ್ಟು. ಏರ್‌ನ 13.3 ಇಂಚಿನ ಪರದೆಯಲ್ಲಿ 2560×1600 ಚುಕ್ಕೆಗಳಿವೆ. ಗ್ರಾಂನ 14 ಇಂಚಿನಲ್ಲಿ 1920×1200. ಇಂಚಿಗೆ ಲೆಕ್ಕ ಹಾಕಿದರೆ ಒಂದರಲ್ಲಿ 227, ಇನ್ನೊಂದರಲ್ಲಿ ಸುಮಾರು 162. ಇಂಗ್ಲಿಷ್ ಓದುವಾಗ ಈ ಅಂತರ ನನಗೆ ಅಷ್ಟಾಗಿ ಕಾಣಲಿಲ್ಲ, ಆದರೆ ‘ಸ್ತ್ರೀ’, ‘ಸೂಕ್ಷ್ಮ’, ‘ವೈಶಿಷ್ಟ್ಯ’ದಂಥ ಪದಗಳು ಸಣ್ಣ ಅಳತೆಯಲ್ಲಿ ಬಂದಾಗ ಗ್ರಾಂನಲ್ಲಿ ಪುಟವನ್ನು ಹಿಗ್ಗಿಸಿ ನೋಡುವುದು ಅಭ್ಯಾಸವಾಯಿತು. ಅಡಿಟಿಪ್ಪಣಿಗಳು ತುಂಬಿದ ಸಂಶೋಧನಾ ಗ್ರಂಥವೊಂದನ್ನು ತಿದ್ದುವಾಗ ಇದರಿಂದ ಕೆಲಸ ನಿಧಾನವಾದದ್ದು ಸ್ಪಷ್ಟವಾಗಿ ತಿಳಿಯಿತು.

ಬೆರಳಚ್ಚಿನಲ್ಲಿ ಮಾತ್ರ ಮೇಲುಗೈ ಗ್ರಾಂನದೇ. ಕೀಲಿಗಳು ಹೆಚ್ಚು ಆಳಕ್ಕೆ ಇಳಿಯುತ್ತವೆ ಎಂಬುದು ಒಂದು ಕಾರಣ. ವಿಂಡೋಸ್‌ನಲ್ಲಿ ಕನ್ನಡ ಬರೆಯುವ ನುಡಿ ತಂತ್ರಾಂಶ ಇರುವುದರಿಂದ ಇಪ್ಪತ್ತು ವರ್ಷಗಳಿಂದ ಬೆರಳಿಗೆ ಅಂಟಿದ ಕಗಪ ಕೀಲಿಮಣೆ ವಿನ್ಯಾಸದಲ್ಲಿ, ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತುತ್ತಾ, ಯೋಚಿಸದೆ ಬರೆಯಬಹುದು ಎಂಬುದು ಇನ್ನೂ ದೊಡ್ಡ ಕಾರಣ. ಮ್ಯಾಕ್‌ನಲ್ಲಿ ನಾನು ಬಳಸುವುದು ಇನ್ನೊಂದು ವಿನ್ಯಾಸವಾದ ಇನ್‌ಸ್ಕ್ರಿಪ್ಟ್; ಅಲ್ಲಿ ಅದೇ ಕೆಲಸಕ್ಕೆ ಡಿ ಕೀಲಿ. ಮುದ್ರಣಾಲಯದವರು ಕೊಡುವ ನುಡಿಯ ಹಳೆಯ ಫಾಂಟಿನ ಕಡತಗಳು ಗ್ರಾಂನಲ್ಲಿ ಇದ್ದ ಹಾಗೆಯೇ ತೆರೆದುಕೊಳ್ಳುತ್ತವೆ. ಏರ್‌ನಲ್ಲಿ ನಾನು ಅವನ್ನು ಎಲ್ಲ ಯಂತ್ರಗಳಲ್ಲೂ ನಡೆಯುವ ಯೂನಿಕೋಡ್‌ಗೆ ಪರಿವರ್ತಿಸಿಕೊಂಡು, ಸ್ಥಾನ ತಪ್ಪಿದ ಅರ್ಕಾವತ್ತುಗಳನ್ನು ಹುಡುಕಿ ಸರಿಪಡಿಸಬೇಕು.

ಏರ್‌ಗೆ ಫ್ಯಾನ್ ಇಲ್ಲ, ಆದ್ದರಿಂದ ಸದ್ದೇ ಇಲ್ಲ. ಗ್ರಾಂನ ಫ್ಯಾನ್ ದೊಡ್ಡ ಪಿಡಿಎಫ್ ತೆರೆದಾಗ ಮೆಲ್ಲಗೆ ಕೇಳಿಸುತ್ತದೆ, ರೈಲಿನಲ್ಲಿ ಅದೂ ಕೇಳಿಸುವುದಿಲ್ಲ. ಎರಡರಲ್ಲೂ ರ‍್ಯಾಮ್ ಆಮೇಲೆ ಹೆಚ್ಚಿಸಲಾಗದಂತೆ ಬೆಸೆದಿರುವುದರಿಂದ, ಕೊಳ್ಳುವವರು ಮೊದಲೇ 16 ಜಿಬಿ ಇರುವುದನ್ನು ಆರಿಸಿಕೊಳ್ಳುವುದು ಲೇಸು.

ಪುಟವಿನ್ಯಾಸ ಮಾಡುವವರು ಮತ್ತು ಮುದ್ರಣಾಲಯಕ್ಕೆ ದಿನವೂ ಅಲೆಯುವವರು ಕೇಳಿದರೆ ನಾನು ಗ್ರಾಂ ಎಂದೇ ಹೇಳುತ್ತೇನೆ. ನನ್ನ ದಿನದ ಬಹುಪಾಲು ಓದುವುದರಲ್ಲೇ ಕಳೆಯುತ್ತದೆ, ಬರೆಯುವುದು ಕಡಿಮೆ. ಎರಡು ತಿಂಗಳ ಬಳಿಕ ಏರ್ ಮರಳಿ ಬಂದಾಗ ಹಬ್ ಮತ್ತೆ ಚೀಲ ಸೇರಿತು, ಅಡಿಟಿಪ್ಪಣಿಗಳನ್ನು ಹಿಗ್ಗಿಸದೆ ಓದತೊಡಗಿದೆ.