ಆಸಕ್ತಿ ಪರೀಕ್ಷೆಯೋ, ಮುಖಾಮುಖಿ ಸಮಾಲೋಚನೆಯೋ?

ಹೈಸ್ಕೂಲ್ ನಂತರ ಯಾವ ವಿಭಾಗ ಎಂಬ ಪ್ರಶ್ನೆಗೆ ಈ ಎರಡೂ ಉತ್ತರ ಕೊಡುತ್ತವೆ, ಆದರೆ ಒಂದೇ ಉತ್ತರವನ್ನಲ್ಲ.

ಆಸಕ್ತಿ ಪರೀಕ್ಷೆ ಬೇಗ ಮುಗಿಯುತ್ತದೆ, ಇಡೀ ತರಗತಿಗೆ ಒಟ್ಟಿಗೇ ಕೊಡಬಹುದು. ಹಲವು ಪರೀಕ್ಷೆಗಳಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮಂಡಿಸಿದ ಸಿದ್ಧಾಂತವೇ ಆಧಾರ. ಆರು ಬಗೆಯ ಒಲವುಗಳಲ್ಲಿ ಹೆಚ್ಚು ಅಂಕ ಬಂದ ಮೂರನ್ನು ಸೇರಿಸಿ ಒಂದು ಕೋಡ್ ಕೊಡುತ್ತಾರೆ. ಎಡವುವುದು ಇಲ್ಲೇ: ಅದು ಅಳೆಯುವುದು ಇಷ್ಟವನ್ನು, ಸಾಮರ್ಥ್ಯವನ್ನಲ್ಲ. ಮೊದಲ ಮೂರು ಅಂಕಗಳು 31, 30, 29 ಎಂದು ಒತ್ತೊತ್ತಾಗಿದ್ದರೆ ಕೋಡ್‌ನ ಕ್ರಮಕ್ಕೆ ಬೆಲೆಯಿಲ್ಲ. ಮತ್ತೊಮ್ಮೆ ಬರೆದರೆ ಅದಲುಬದಲಾಗಬಹುದು. ಕೋಡ್‌ಗಿಂತ ಅಂಕಗಳ ಅಂತರ ನೋಡಿ.

ಸಮಾಲೋಚನೆಗೆ ಸಮಯ ಬೇಕು, ಒಂದೇ ಭೇಟಿಯಲ್ಲಿ ಮುಗಿಯುವುದಿಲ್ಲ. ಅನುಭವಿ ಸಮಾಲೋಚಕರು ಒಟ್ಟು ಶೇಕಡಾವಾರು ನೋಡುವುದಿಲ್ಲ, ಉತ್ತರಪತ್ರಿಕೆ ತರಿಸುತ್ತಾರೆ. ಭೌತವಿಜ್ಞಾನದಲ್ಲಿ ಅಂಕ ಹೋಗಿದ್ದು ಪರಿಕಲ್ಪನೆ ತಿಳಿಯದೆಯೋ, ಸಮೀಕರಣ ಬಿಡಿಸುವಾಗ ಚಿಹ್ನೆ ತಪ್ಪಿಯೋ? ಎರಡನೆಯದಾದರೆ ಅಭ್ಯಾಸದಿಂದ ಸರಿಹೋಗುತ್ತದೆ, ವಿಜ್ಞಾನ ಬಿಡುವ ಕಾರಣವಲ್ಲ. ಇಲ್ಲಿನ ಅಪಾಯ ಸಮಾಲೋಚಕರ ಪೂರ್ವಗ್ರಹ: ಹುಡುಗಿಗೆ ಇಂತಿಂಥದ್ದು, ಕಡಿಮೆ ಅಂಕದವರಿಗೆ ಕಲಾ ವಿಭಾಗ ಎಂಬ ಸಿದ್ಧ ಉತ್ತರಗಳು. ಅಪ್ಪ ಅಮ್ಮ ಆಗಲೇ ತೀರ್ಮಾನಿಸಿ ಕರೆತಂದಿದ್ದರೆ ಅದು ಬರೀ ಶಾಸ್ತ್ರ. ಮಗುವಿನೊಂದಿಗೆ ಒಂದು ಭೇಟಿಯಾದರೂ ಪ್ರತ್ಯೇಕವಾಗಿರಲಿ.

ಒಂದನ್ನೇ ಆರಿಸಬೇಕಾದರೆ ಸಮಾಲೋಚನೆಯೇ ಮೇಲು. ಎರಡೂ ಸಾಧ್ಯವಿದ್ದರೆ ಮೊದಲು ಪರೀಕ್ಷೆ, ಆಮೇಲೆ ಆ ಹಾಳೆ ಹಿಡಿದು ಮಾತುಕತೆ. ಅರ್ಜಿಯ ಕೊನೆಯ ವಾರಕ್ಕಲ್ಲ, ಒಂದು ವರ್ಷ ಮುಂಚೆ. ಏಕೆಂದರೆ ಆಯ್ದ ವಿಭಾಗವನ್ನು ಆಮೇಲೆ ಬದಲಿಸುವುದು ಯಾವಾಗಲೂ ಸುಲಭವಲ್ಲ: ಗಣಿತ ಓದಿದವರು ನಂತರ ವಾಣಿಜ್ಯಕ್ಕೆ ಹೊರಳುವುದು ಸುಲಭ. ಗಣಿತ ಬಿಟ್ಟವರಿಗೆ ಎಂಜಿನಿಯರಿಂಗ್‌ಗೆ ಮರಳುವ ದಾರಿ ಬಲು ಕಿರಿದು.